ಅಳಿಸಿ ಬರೆಯುವ ಕಡತ

ದೀಪಾವಳಿಯ ಅಂಗಡಿ ಪೂಜೆಗೆ ಇನ್ನೆರಡು ದಿನ ಇದೆ ಅನ್ನುವಾಗ ನಮ್ಮ ಅಜ್ಜ ನನ್ನನ್ನು ಅಟ್ಟ ಹತ್ತಿಸುತ್ತಿದ್ದ. ಹುಣಸೆಹಣ್ಣಿನ ಗಡಿಗೆಗಳ ಹಿಂದೆ, ಕೆಂಪು ಅರಿವೆಯಲ್ಲಿ ಸುತ್ತಿಟ್ಟ ಕಡತವನ್ನು ನಾನು ಹುಷಾರಾಗಿ ಕೆಳಗಿಳಿಸಿ ಕೊಡಬೇಕಿತ್ತು. ಕೂಡ್ಲಿಗಿ ಸೀಮೆಯ ಹಳ್ಳಿಯೊಂದರಲ್ಲಿ ಅವನದು ಕಿರಾಣಿ ಅಂಗಡಿ. ಹೊಸ ವರ್ಷದ ಕಿರ್ದಿ, ಖಾತೆ ಪುಸ್ತಕಗಳ ಪಕ್ಕದಲ್ಲಿ ಆ ಹಳೆಯ ಕಡತಕ್ಕೂ ಅರಿಶಿನ, ಕುಂಕುಮ, ಒಂದು ಚೆಂಡುಹೂವು. ಅದು ಅವನಪ್ಪನ ಕಾಲದ್ದು. ಅಜ್ಜ ಅಂಗಡಿ ಲೆಕ್ಕಕ್ಕೆ ಅದನ್ನು ಬಳಸಿದ್ದು ನಾನು ನೋಡಿಲ್ಲ. ಆದರೆ ಚಿಕ್ಕವನಿದ್ದಾಗ ಅವನು ಅಕ್ಷರ ಕಲಿತದ್ದು ಅದರ ಮೇಲೆಯೇ.

ಬಿಚ್ಚಿದರೆ ಸೀರೆಯ ನಿರಿಗೆಯ ಹಾಗೆ ಮಡಿಕೆ ಮಡಿಕೆಯಾಗಿ ತೆರೆದುಕೊಳ್ಳುತ್ತಿತ್ತು. ಹತ್ತಿಬಟ್ಟೆ ಎಂದು ಹೇಳಿದರೂ ನಂಬಲಾಗದಷ್ಟು ಗಟ್ಟಿ, ಕಪ್ಪು. ಹುಣಸೆಬೀಜ ಬೇಯಿಸಿ ಅರೆದ ಸರಿಗೆ ಇದ್ದಿಲಿನ ಪುಡಿ ಕಲಸಿ, ಬಟ್ಟೆಯ ಎರಡೂ ಬದಿಗೆ ಬಳಿದು, ಒಣಗಿಸಿ, ಮತ್ತೆ ಬಳಿದು, ಕಲ್ಲಿನಿಂದ ತಿಕ್ಕಿ ನಯ ಮಾಡುತ್ತಿದ್ದರಂತೆ. ಮೂಸಿ ನೋಡಿದರೆ ಹೊಗೆಯ ವಾಸನೆ. ಒಂದು ವರ್ಷ ಪೂಜೆ ಮುಗಿದ ಮೇಲೆ ಅಜ್ಜ ಒಂದು ತುಂಡು ಬಳಪ ತೆಗೆದುಕೊಂಡು ಅದರ ಕೊನೆಯ ಮಡಿಕೆಯಲ್ಲಿ ನನ್ನ ಹೆಸರು ಬರೆದ. ಬಿಳಿ ಗೆರೆ ಕರಿಯ ಬಟ್ಟೆಯ ಮೇಲೆ ಮುತ್ತಿನ ಹಾಗೆ ಎದ್ದು ಕಂಡಿತು. ಕೂಡಲೇ ಒದ್ದೆ ಅರಿವೆಯಿಂದ ಒರೆಸಿಬಿಟ್ಟ. ನನಗೆ ಅಳು ಬಂತು.

“ಅಳಬ್ಯಾಡವ್ವ. ಇದು ಇಟ್ಟುಕೊಳ್ಳೋ ಪುಸ್ತಕ ಅಲ್ಲ. ಇದು ತಪ್ಪು ಮಾಡಾಕ ಅಂತ ಇರೋ ಜಾಗ. ಇದ್ರಾಗ ತಪ್ಪಿದ್ರ ಯಾರೂ ಬೈಯಂಗಿಲ್ಲ” ಅಂದ.

ಆ ಮಾತು ಆಗ ನನಗೆ ಅರ್ಥವಾಗಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಕಾಲೇಜಿನಲ್ಲಿ ಇತಿಹಾಸ ಪಾಠ ಹೇಳಿ, ಸಾವಿರಾರು ಮಕ್ಕಳ ನೋಟುಬುಕ್ಕು ತಿದ್ದಿ, ನಿವೃತ್ತಳಾದ ಮೇಲೆ ಈಗ ಅರ್ಥವಾಗಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ಇತಿಹಾಸದ ವಿದ್ಯಾರ್ಥಿಯಾಗಿ ನಾನು ಆ ಕಡತವನ್ನು ಎರಡನೆಯ ಸಲ ಕಂಡದ್ದು ಒಂದು ಸರ್ಕಾರಿ ವರದಿಯಲ್ಲಿ. ಮದ್ರಾಸಿನ ಗವರ್ನರ್ ಆಗಿದ್ದ ಥಾಮಸ್ ಮನ್ರೋ 1822ರಲ್ಲಿ, ತನ್ನ ಆಡಳಿತದ ಎಲ್ಲ ಜಿಲ್ಲೆಗಳಲ್ಲಿ ಊರ ಶಾಲೆಗಳು ಎಷ್ಟಿವೆ, ಏನು ಕಲಿಸುತ್ತಾರೆ ಎಂದು ಕಲೆಕ್ಟರುಗಳಿಂದ ಲೆಕ್ಕ ಕೇಳಿದ. ನಮ್ಮ ಕೂಡ್ಲಿಗಿಯೂ ಸೇರಿದ್ದ ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟ್‌ನಲ್ಲಿ ಉತ್ತರ ಬರೆದ. ಅವನೇ ತೆಲುಗಿಗೆ ವ್ಯಾಕರಣ ಬರೆದವನು. ಹಾಗಾಗಿ ಬರೀ ಅಂಕಿ ಕಳಿಸಿ ಸುಮ್ಮನಾಗಲಿಲ್ಲ, ಶಾಲೆಯೊಳಗೆ ಕೂತು ನೋಡಿದವನ ಹಾಗೆ ಬರೆದಿದ್ದಾನೆ. ಈ ವರದಿಗಳನ್ನೆಲ್ಲ ಧರ್ಮಪಾಲ್ ಅವರು 1983ರಲ್ಲಿ ಒಂದು ಪುಸ್ತಕದಲ್ಲಿ ಅಚ್ಚು ಹಾಕಿಸಿದ ಮೇಲೆ ನನ್ನಂಥವರ ಕೈಗೆ ಅವು ಸಿಕ್ಕವು.

ಆಗಿನ ಬಳ್ಳಾರಿ ಜಿಲ್ಲೆ ಬಹಳ ದೊಡ್ಡದು. ಈಗಿನ ಅನಂತಪುರವೂ ಅದರೊಳಗಿತ್ತು. ಅದು ಬೇರೆಯಾದದ್ದು 1882ರಲ್ಲಿ. ಕ್ಯಾಂಪ್‌ಬೆಲ್ ಕೊಟ್ಟ ಲೆಕ್ಕದ ಪ್ರಕಾರ ಒಟ್ಟು ಶಾಲೆ 533: ಕನ್ನಡದವು 235, ತೆಲುಗಿನವು 226, ಮರಾಠಿಯವು 23, ಪಾರಸಿಯವು 21, ತಮಿಳಿನವು 4, ಇಂಗ್ಲಿಷಿನದು 1, ಸಂಸ್ಕೃತ ಹೇಳುವ ಪಾಠಶಾಲೆಗಳು 23. ಓದುವ ಮಕ್ಕಳು 6,641. ಶಾಲೆಗೆ ಹನ್ನೆರಡು ಮಕ್ಕಳು ಎಂದಿಟ್ಟುಕೊಳ್ಳಿ. ಒಟ್ಟು ಮಕ್ಕಳಲ್ಲಿ ಹೆಣ್ಣುಮಕ್ಕಳು 60. ಒಂಬತ್ತು ಲಕ್ಷಕ್ಕೂ ಮಿಕ್ಕಿ ಜನರಿದ್ದ ಜಿಲ್ಲೆಯಲ್ಲಿ ಅಕ್ಷರದ ಮುಂದೆ ಕೂತ ಹೆಣ್ಣುಮಕ್ಕಳು ಅರವತ್ತೇ ಜನ. ಆ ಅಂಕಿಯನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಬೆಳಗಿನ ಆರು ಗಂಟೆಗೆ ಶಾಲೆ. ಮೊದಲು ಬಂದ ಹುಡುಗನ ಅಂಗೈಯಲ್ಲಿ ಮೇಷ್ಟ್ರು ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈಗೆ ಒಂದು ಸೊನ್ನೆ: ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಆಮೇಲೆ ಬಂದವರಿಗೆ ಒಂದೊಂದು ಜಾಸ್ತಿ. ಮೊದಲ ಬರಹ ನೆಲದ ಮೇಲೆ, ಮರಳು ಹರಡಿ, ಬೆರಳಿನಿಂದ. ಕಡತ ಹಿಡಿಯುವ ಮೊದಲು ನಮ್ಮಜ್ಜನೂ ಹಾಗೇ ಕಲಿತವನು. ಹಳ್ಳದ ಮರಳನ್ನು ಜರಡಿ ಹಿಡಿದು ತರುವುದು ಹುಡುಗರದೇ ಕೆಲಸ, ತಿದ್ದಿ ತಿದ್ದಿ ಬೆರಳ ತುದಿ ಕೆಂಪಗೆ ಉರಿಯುತ್ತಿತ್ತು ಎಂದು ಹೇಳುತ್ತಿದ್ದ. ತಿದ್ದು ಎಂಬ ನಮ್ಮ ಮಾತನ್ನು ನೋಡಿ. ಬರೆದದ್ದರ ಮೇಲೆ ಮತ್ತೆ ಮತ್ತೆ ಬರೆಯುವುದೂ ತಿದ್ದುವುದೇ, ತಪ್ಪನ್ನು ಸರಿ ಮಾಡುವುದೂ ತಿದ್ದುವುದೇ. ಕಲಿಯುವುದರಲ್ಲಿ ಇವೆರಡೂ ಬೇರೆಯಲ್ಲ ಎಂದು ಭಾಷೆ ಮೊದಲೇ ತಿಳಿದುಕೊಂಡಿತ್ತು.

ಮರಳಿನಲ್ಲಿ ಕೈ ಕುದುರಿದ ಮೇಲೆ ಹುಡುಗನಿಗೆ ಬಡ್ತಿ. ಓಲೆಗರಿಯ ಮೇಲೆ ಕಬ್ಬಿಣದ ಕಂಠದಿಂದ ಬರೆಯಬಹುದು, ಕಾಗದದ ಮೇಲೆ ಬರೆಯಬಹುದು. ಆದರೆ ಈ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದದ್ದು ಹಲಗೆ ಮತ್ತು ಕಡತ ಎನ್ನುತ್ತಾನೆ ಕ್ಯಾಂಪ್‌ಬೆಲ್. ಹಲಗೆ ಒಂದಡಿ ಅಗಲ, ಮೂರಡಿ ಉದ್ದ. ಅದನ್ನು ನಯ ಮಾಡಿ ಅನ್ನ ಮತ್ತು ಇದ್ದಿಲ ಪುಡಿ ಸವರಿದರೆ ಬರೆಯಲು ಸಿದ್ಧ. ಕಡತ ಎಂದರೆ ಗಂಜಿ ಹಾಕಿ ಗಟ್ಟಿ ಮಾಡಿದ ಬಟ್ಟೆ, ಪುಸ್ತಕದಂತೆ ಮಡಿಸಿದ್ದು, ಮೇಲೆ ಇದ್ದಿಲು, ಅಂಟುಗಳ ಲೇಪ. ಎರಡರ ಮೇಲೂ ಬರೆದದ್ದನ್ನು ಒದ್ದೆ ಅರಿವೆಯಿಂದ ಅಳಿಸಬಹುದು. ಓದುತ್ತಾ ಹೋದ ಹಾಗೆ ನನಗೆ ಅಜ್ಜನ ಮನೆಯ ಹುಣಸೆಹಣ್ಣಿನ ವಾಸನೆ ಬಂದಂತಾಯಿತು.

ಅಚ್ಚಾದ ಆ ವರದಿಯಲ್ಲಿ ನಮ್ಮ ಹಲಗಿ ‘ಹುಲ್ಲಿಗಿ’ ಆಗಿದೆ, ಬಳಪ ‘ಬುಲ್ತಪ’ ಆಗಿದೆ. ಕಿವಿಗೆ ಬಿದ್ದದ್ದನ್ನು ಕೈ ಹಿಡಿದುಕೊಂಡ ರೀತಿ ಅದು. ಕಲೆಕ್ಟರನೂ ಒಬ್ಬ ವಿದ್ಯಾರ್ಥಿಯೇ, ಬೇರೆ ಭಾಷೆಯ ಮಾತನ್ನು ಕೇಳಿ ಬರೆದುಕೊಳ್ಳುತ್ತಿದ್ದವನು. ಈ ವಿಷಯಕ್ಕೆ ಮುಂದೆ ಬರುತ್ತೇನೆ.

ಅವನಿಗಿಂತ ಹದಿಮೂರು ವರ್ಷ ಮೊದಲು, 1810ರಲ್ಲಿ, ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ತನ್ನ ಇತಿಹಾಸದ ಗ್ರಂಥದಲ್ಲಿ ಕಡತದ ಅಳತೆಯನ್ನೇ ಕೊಟ್ಟಿದ್ದಾನೆ: ಅಗಲ ಎಂಟು ಇಂಚಿನಿಂದ ಒಂದಡಿ, ಉದ್ದ ಹನ್ನೆರಡರಿಂದ ಹದಿನೆಂಟು ಅಡಿ. ಉಳ್ಳವರ ಕಡತಕ್ಕೆ ಎರಡೂ ಕೊನೆಗೆ ಬಣ್ಣ ಬಳಿದ ಮರದ ಹಲಗೆ, ರೇಷ್ಮೆಯ ಚೀಲ. ಇಲ್ಲದವರದಕ್ಕೆ ಒಂದು ದಾರ. ನಮ್ಮಜ್ಜನದಕ್ಕೂ ದಾರವೇ ಇತ್ತು. ಬರೆಯುವ ಬಳಪವೋ, ಬೇಲೂರು ಹಳೇಬೀಡುಗಳ ಗುಡಿಗಳನ್ನು ಕಡೆದ ಮೆತ್ತನೆಯ ಬಳಪದ ಕಲ್ಲಿನ ಜಾತಿಯದೇ. ಶಿಲ್ಪಿಯ ಕೈಯಲ್ಲಿ ಒಂಬೈನೂರು ವರ್ಷ ಉಳಿದ ಕಲ್ಲು, ಹುಡುಗನ ಕೈಯಲ್ಲಿ ಸಂಜೆಯೊಳಗೆ ಒರೆಸಿ ಹೋಗುವ ಗೆರೆ.

ಹೀಗೆ ಅಳಿಸಿ ಬರೆಯುವುದು ನಮ್ಮಲ್ಲಿ ಬಹಳ ಹಳೆಯದು. ಹದಿನೈದನೆಯ ಶತಮಾನದ ಕುಮಾರವ್ಯಾಸ, ಹಲಗೆ ಬಳಪಗಳ ನೆರವಿಲ್ಲದೆ, ಒಮ್ಮೆ ಬರೆದದ್ದನ್ನು ಅಳಿಸದೆ ಭಾರತ ಬರೆದೆನೆಂದು ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ. ಅವನಿಗೆ ಅದು ಹೆಚ್ಚುಗಾರಿಕೆ ಅನಿಸಬೇಕಾದರೆ ಉಳಿದ ಕವಿಗಳೆಲ್ಲ ಮೊದಲು ಹಲಗೆಯ ಮೇಲೆ ಬರೆದು, ಒರೆಸಿ, ಮತ್ತೆ ಬರೆದು, ಸರಿಯಾದ ಮೇಲೆ ಓಲೆಗೆ ಇಳಿಸುತ್ತಿದ್ದರು ಎಂದೇ ಅರ್ಥ. ಓಲೆಯ ಮೇಲೆ ಕೊರೆದದ್ದಕ್ಕೆ ತಿದ್ದುಪಡಿ ಇಲ್ಲ. ಕಂಠ ಒಮ್ಮೆ ಗೀರಿದರೆ ಗೀರಿದ್ದೇ. ಆಮೇಲೆ ಮಸಿ ಸವರಿದಾಗ ತಪ್ಪೂ ಸರಿಯ ಜೊತೆಗೇ ಕಪ್ಪಾಗಿ ಎದ್ದು ನಿಲ್ಲುತ್ತದೆ. ಹಾಗಾಗಿ ಹಿಂದಿನವರು ಬರವಣಿಗೆಗೆ ಎರಡು ನೆಲೆ ಇಟ್ಟಿದ್ದರು: ತಪ್ಪುವುದಕ್ಕೆ ಹಲಗೆ, ಕಡತ, ಉಳಿಸುವುದಕ್ಕೆ ಓಲೆ.

ಅದಕ್ಕೂ ಹಿಂದೆ ಹೋದರೆ ಬರಹಕ್ಕಿಂತ ಬಾಯಿಪಾಠವೇ ದೊಡ್ಡದು. ಕಲಬುರಗಿ ಜಿಲ್ಲೆಯ ಚಿತ್ತಾಪುರದ ಹತ್ತಿರ ನಾಗಾವಿ ಇದೆ. ಅಲ್ಲಿಯ 1058ರ ಶಾಸನದಲ್ಲಿ ಘಟಿಕಾಸ್ಥಾನ ಎಂಬ ವಿದ್ಯಾಕೇಂದ್ರವೊಂದರ ವಿವರವಿದೆ: ವೇದ ಓದುವ ವಿದ್ಯಾರ್ಥಿಗಳು 200, ಶಾಸ್ತ್ರ ಓದುವವರು 50, ಪುಸ್ತಕ ನೋಡಿಕೊಳ್ಳಲು ಆರು ಜನ ಸರಸ್ವತೀ ಭಂಡಾರಿಗರು. ಓಲೆಯ ಕಟ್ಟುಗಳು ಭಂಡಾರದಲ್ಲಿ, ವಿದ್ಯೆ ನಾಲಿಗೆಯ ಮೇಲೆ. ಆ ಇನ್ನೂರೈವತ್ತು ಜನರಲ್ಲಿ ಒಬ್ಬನಾದರೂ ಗುರು ಹೇಳಿದ್ದನ್ನು ತನಗಾಗಿ ಎಲ್ಲೋ ಗೀಚಿಟ್ಟುಕೊಂಡಿರಬೇಕು ಎಂದು ನಾನು ನಂಬುತ್ತೇನೆ. ಅಂಥದ್ದೊಂದು ಇದ್ದಿದ್ದರೂ ಅದು ಮರಳಿನೊಂದಿಗೆ ಹೋಗಿದೆ.

ಕ್ಯಾಂಪ್‌ಬೆಲ್ ನಮ್ಮ ಶಾಲೆಗಳಲ್ಲಿ ಎರಡು ಸಂಗತಿಗಳನ್ನು ಮನಸಾರೆ ಮೆಚ್ಚಿದ್ದಾನೆ. ಒಂದು, ಬರವಣಿಗೆ ಕಲಿಸಲು ಆಗುವ ಖರ್ಚು ಬಹಳ ಕಡಿಮೆ. ಇನ್ನೊಂದು, ಮುಂದಿದ್ದ ಹುಡುಗರು ಹಿಂದಿದ್ದವರಿಗೆ ಹೇಳಿಕೊಡುವ ಪದ್ಧತಿ. ಹೇಳಿಕೊಡುತ್ತಾ ಅವರ ವಿದ್ಯೆಯೂ ಗಟ್ಟಿಯಾಗುತ್ತದೆ. ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಸರಿಯೇ ಎಂದೂ ಬರೆದಿದ್ದಾನೆ. ಆ ಅನುಕರಣೆಯ ಕತೆ ಮದ್ರಾಸಿನದು. ಎಗ್ಮೋರಿನ ಸೈನಿಕರ ಅನಾಥ ಮಕ್ಕಳ ಶಾಲೆಗೆ 1789ರಲ್ಲಿ ಮುಖ್ಯಸ್ಥನಾಗಿದ್ದ ಆಂಡ್ರ್ಯೂ ಬೆಲ್, ದಾರಿಯಲ್ಲಿ ಊರ ಶಾಲೆಯೊಂದರ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಬರೆಯುವುದನ್ನು ನೋಡಿದ. ತನ್ನ ಶಾಲೆಯಲ್ಲಿ ಹಾಗೆ ಮಾಡಲು ಮೇಷ್ಟ್ರು ಒಪ್ಪದಾಗ ಎಂಟು ವರ್ಷದ ಒಬ್ಬ ಹುಡುಗನಿಗೇ ಉಳಿದವರಿಗೆ ಕಲಿಸುವ ಕೆಲಸ ಕೊಟ್ಟ. 1797ರಲ್ಲಿ ಅವನು ಇದನ್ನು ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೇಲೆ ಅದು ‘ಮದ್ರಾಸ್ ಪದ್ಧತಿ’ ಎಂದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಕಿರಿಯರಿಗೆ ಹೇಳಿಕೊಡುವ ಹುಡುಗನಿಗೆ ನಮ್ಮ ಕಡೆ ಹಿರೇಮಣಿ ಎನ್ನುತ್ತಾರೆ; ಅವನು ಸಮುದ್ರ ದಾಟಿ ಹೋದ ಬಗೆ ಇದು.

ಆದರೆ ಅದೇ ವರದಿಯಲ್ಲಿ ಒಂದು ದೂರೂ ಇದೆ, ಅದು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಶಾಲೆಯಲ್ಲಿ ಓದಿಸುವ ಪುಸ್ತಕಗಳೆಲ್ಲ ಪದ್ಯದಲ್ಲಿವೆ. ಆ ಭಾಷೆ ಬೇರೆ, ಮನೆಯಲ್ಲಿ ಸಂತೆಯಲ್ಲಿ ಆಡುವ ಭಾಷೆ ಬೇರೆ. ಲಿಪಿ ಒಂದೇ ಆದ್ದರಿಂದ ಹುಡುಗ ಗಟ್ಟಿಯಾಗಿ ಓದಬಲ್ಲ, ಚೆಂದಾಗಿ ನಕಲು ಮಾಡಬಲ್ಲ, ಒಂದು ಸಾಲಿನ ಅರ್ಥವನ್ನೂ ಹೇಳಲಾರ. ಎಷ್ಟೋ ಕಡೆ ಮೇಷ್ಟ್ರೂ ಹೇಳಲಾರರು. 1823ರಲ್ಲಿ ಹೀಗೆ ಬರೆದವನ ಮುಂದೆ ನನ್ನ 1990ರ ತರಗತಿಯನ್ನು ಕೂರಿಸಿದ್ದರೆ ಅವನಿಗೆ ಹೊಸದೇನೂ ಕಾಣುತ್ತಿರಲಿಲ್ಲ. ಪದ್ಯದ ಜಾಗದಲ್ಲಿ ನೋಟ್ಸ್ ಬಂದಿತ್ತು, ಅಷ್ಟೇ.

ಆಮೇಲೆ ಸ್ಲೇಟು ಬಂತು. ನಮ್ಮ ಕಡೆ ಪಾಟಿ ಎನ್ನುತ್ತೇವೆ. ಪಾಟಿಚೀಲದಲ್ಲಿ ಪಾಟಿ, ಒಂದು ತುಂಡು ಪೇಣೆ, ಒರೆಸಲು ಒದ್ದೆ ಅರಿವೆ. ವಾರಕ್ಕೊಮ್ಮೆ ಹಾಗಲಬಳ್ಳಿಯ ಎಲೆ, ಇದ್ದಿಲು ಹಾಕಿ ತಿಕ್ಕಿ ಕಪ್ಪು ಮಾಡಿ ಬಿಸಿಲಿಗಿಡುತ್ತಿದ್ದೆವು. ಕಡತದ ಕೊನೆಯ ಮೊಮ್ಮಗಳು ಅದು. ನಾಲ್ಕನೇ ಇಯತ್ತೆಗೆ ದೌತಿ, ಟಾಕು, ಕಾಗದ ಕೈಗೆ ಬಂದ ಕೂಡಲೇ ಮಾಸ್ತರರ ದನಿಯೇ ಬದಲಾಯಿತು. ಇನ್ನು ಕಾಟು ಹಾಕಬಾರದು, ಮಸಿ ಚೆಲ್ಲಬಾರದು, ಒಂದೇ ಸಲಕ್ಕೆ ಶುದ್ಧವಾಗಿ ಬರಬೇಕು. ಕಾಗದಕ್ಕೆ ದುಡ್ಡು ಕೊಟ್ಟಿದೆ. ತಪ್ಪುವ ಜಾಗ ಅಲ್ಲಿಗೆ ಮುಗಿಯಿತು.

ನಮ್ಮಪ್ಪ ಓದಿದ್ದು ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ. ಮೈಸೂರಿಗೆ ಅದು ಬಂದದ್ದು 1953ರ ಅಕ್ಟೋಬರ್ 1ಕ್ಕೆ. ಫಿಫ್ತ್ ಫಾರಂನ ಅವನ ಇತಿಹಾಸದ ವಹಿಯೊಂದು ನನ್ನ ಹತ್ತಿರ ಇದೆ. ಇಂಗ್ಲೆಂಡಿನ ರಾಜರ ಕತೆ, ಇಂಗ್ಲಿಷಿನಲ್ಲಿ, ದುಂಡಗೆ ಬರೆಸಿದ್ದು. ಪುಟದ ಅಂಚಿಗೆ ಮಾತ್ರ ಸೀಸದಕಡ್ಡಿಯಲ್ಲಿ, ಇರುವೆ ಸಾಲಿನಷ್ಟು ಸಣ್ಣಗೆ ಕನ್ನಡ: ‘ಟ್ರೀಟಿ, ಕೌಲು’, ‘ಸೀಜ್, ಮುತ್ತಿಗೆ’, ‘ಹೇರ್, ವಾರಸುದಾರ’. ನಮ್ಮ ಹಳೆಯ ಓಲೆಗಳಲ್ಲಿ ಕಷ್ಟದ ಪದ್ಯಕ್ಕೆ ಟೀಕು ಬರೆಯುತ್ತಿದ್ದರಲ್ಲ, ಅದೇ ಪದ್ಧತಿ. ಮಸಿಯಲ್ಲಿ ಬರೆದದ್ದೆಲ್ಲ ಮೇಷ್ಟ್ರದು. ಅಪ್ಪನದು ಎಂದು ಆ ವಹಿಯಲ್ಲಿ ಇರುವುದು ಸೀಸದಕಡ್ಡಿಯ ಆ ಮಾತುಗಳು ಮಾತ್ರ.

ನಾನು ಎಂ.ಎ. ಓದಲು ದೊಡ್ಡ ಊರಿಗೆ ಹೋದೆ. ಅಲ್ಲಿಯವರೆಗೆ ಕನ್ನಡದಲ್ಲಿ ಓದಿದವಳ ಮುಂದೆ ಒಂದು ತಾಸು ಇಂಗ್ಲಿಷು ಸುರಿಯಿತು. ಹಳದಿಯಾದ ಹಾಳೆಗಳನ್ನು ನೋಡಿಕೊಂಡು ಪ್ರಾಧ್ಯಾಪಕರು ಓದುತ್ತಿದ್ದರು, ನಾವು ಬರೆಯುತ್ತಿದ್ದೆವು. ಕಿವಿ ಕೇಳಬೇಕು, ತಲೆ ತಿಳಿಯಬೇಕು, ಕೈ ಬರೆಯಬೇಕು. ಮೂರರ ಓಟ ಒಂದೇ ಅಲ್ಲ. ಹಿಂದೆ ಬೀಳುತ್ತಿದ್ದದ್ದು ಯಾವಾಗಲೂ ತಲೆಯೇ. ಹಾಸ್ಟೆಲ್ಲಿಗೆ ಬಂದು ನೋಡಿದರೆ ನನ್ನದೇ ಅಕ್ಷರ, ನನಗೇ ಗುರುತಿಲ್ಲ. ಆಗ ನಾನೂ ನನ್ನ ಗೆಳತಿಯೂ ರಾತ್ರಿ ಕೂತು ಆ ಇಂಗ್ಲಿಷನ್ನು ಕನ್ನಡದಲ್ಲಿ ಮಾತಾಡಿಕೊಂಡು, ಅವಳು ಕೇಳಿಸಿಕೊಂಡದ್ದು ನನಗೆ, ನಾನು ಕೇಳಿಸಿಕೊಂಡದ್ದು ಅವಳಿಗೆ ಹೇಳಿ, ಹಳೆಯ ಕ್ಯಾಲೆಂಡರಿನ ಹಿಂಭಾಗದಲ್ಲಿ ಗೀಚುತ್ತಿದ್ದೆವು. ಆ ಎರಡು ವರ್ಷ ನಾನು ಇತಿಹಾಸ ಕಲಿತಿದ್ದರೆ ಆ ಕ್ಯಾಲೆಂಡರುಗಳ ಬೆನ್ನಿನ ಮೇಲೆ.

ಕನ್ನಡದಲ್ಲೇ ಪಾಠ ಕೇಳಿ ಬರೆದುಕೊಳ್ಳುವವರಿಗೂ ಕಷ್ಟ ಇಲ್ಲ ಎಂದಲ್ಲ. ಇದು ಪಾಠ ಹೇಳಿದವರಿಗೆ ಗೊತ್ತಾಗುವ ವಿಷಯ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ. ‘ಸ್ವಾತಂತ್ರ್ಯ’ ಎಂದು ಬರೆಯುವಷ್ಟರಲ್ಲಿ ಹೇಳುವವರು ಮುಂದಿನ ವಾಕ್ಯದ ನಡುವಿಗೆ ಹೋಗಿರುತ್ತಾರೆ. ಮಕ್ಕಳು ‘ರಾ.ಕೂ.’ ಎಂದು ಬರೆದು ರಾಷ್ಟ್ರಕೂಟರನ್ನು, ‘ವಿ.ಸಾ.’ ಎಂದು ಬರೆದು ವಿಜಯನಗರ ಸಾಮ್ರಾಜ್ಯವನ್ನು ಹಿಡಿಯುತ್ತಾರೆ, ಅದು ಸರಿ. ಅದಕ್ಕಿಂತ ದೊಡ್ಡ ತೊಡಕು ವಾಕ್ಯದ ಕೊನೆಯಲ್ಲಿದೆ. ಕನ್ನಡದಲ್ಲಿ ಆಯಿತೋ ಆಗಲಿಲ್ಲವೋ ಎಂಬುದು ತಿಳಿಯುವುದು ಕೊನೆಯ ಪದದಲ್ಲಿ. ಕೈ ಹಿಂದೆ ಬಿದ್ದ ಹುಡುಗ ಬಿಟ್ಟುಬಿಡುವುದೂ ಆ ಕೊನೆಯ ಪದವನ್ನೇ.

ಒಂದು ವರ್ಷ ನಾನು ಮನ್ರೋನ ಪಾಠ ಮಾಡುತ್ತಾ, ಅವನು ನಮ್ಮ ಸೀಮೆಯಲ್ಲಿ ಜಮೀನ್ದಾರಿ ಪದ್ಧತಿಯನ್ನು ಜಾರಿಗೆ ತರಲಿಲ್ಲ, ರೈತರಿಂದಲೇ ನೇರವಾಗಿ ಕಂದಾಯ ಪಡೆಯುವ ರೈತವಾರಿ ಪದ್ಧತಿ ತಂದ ಎಂದು ಹೇಳಿದ್ದೆ. ಪರೀಕ್ಷೆಯಲ್ಲಿ ಒಂದೇ ಸಾಲಿನ ಬೆಂಚುಗಳ ಹುಡುಗರೆಲ್ಲ ಮನ್ರೋ ಬಳ್ಳಾರಿಗೆ ಜಮೀನ್ದಾರಿ ತಂದ ಎಂದು ಬರೆದಿದ್ದರು. ನೋಟುಬುಕ್ಕು ತರಿಸಿ ನೋಡಿದೆ. ‘ಜಮೀನ್ದಾರಿ ಪದ್ಧತಿಯನ್ನು ಜಾರಿಗೆ’ ಎಂದು ಬರೆದು ಒಬ್ಬ ಸಾಲು ಬಿಟ್ಟಿದ್ದ. ಆಮೇಲೆ ತಾನೇ ‘ತಂದನು’ ಎಂದು ತುಂಬಿಕೊಂಡಿದ್ದ. ಉಳಿದವರೆಲ್ಲ ಅವನದನ್ನು ನೋಡಿ ಬರೆದುಕೊಂಡವರು. ಬಳ್ಳಾರಿ ರೈತರ ಮಕ್ಕಳು ಅವರು. ಅವರ ಮುತ್ತಜ್ಜಂದಿರ ಹೊಲದ ಪಟ್ಟೆ ಬಂದದ್ದು ಹೇಗೆ ಎಂಬುದೇ ಅವರ ವಹಿಯಲ್ಲಿ ಉಲ್ಟಾ ಆಗಿತ್ತು.

ಇನ್ನೊಂದು ವಹಿಯನ್ನು ನಾನು ಮರೆಯಲಾರೆ. ಹೊಲದ ಕೆಲಸ ಮುಗಿಸಿ ಬಸ್ಸು ಹಿಡಿದು ಬರುತ್ತಿದ್ದ ಹುಡುಗಿ, ಒಂದು ದಿನವೂ ತಪ್ಪಿಸಿದವಳಲ್ಲ. ಅಕ್ಷರ ಮುತ್ತಿನಂಥದ್ದು. ಗವರ್ನರ್ ಜನರಲ್ ಡಾಲ್‌ಹೌಸಿಯ ಪಾಠದಲ್ಲಿ ಅವಳು ‘ಡಾಕ್ಟರ್ ಇನ್ ಆಫ್ ಲ್ಯಾಪ್ಸ್’ ಎಂದು ಬರೆದಿದ್ದಳು. ಕೆಳಗೆ ಎರಡು ಗೆರೆ ಎಳೆದಿದ್ದಳು, ಮುಖ್ಯ ಎಂದು.

“ಇದರ ಅರ್ಥ ಏನವ್ವಾ?” ಎಂದು ಕೇಳಿದೆ.

“ಗೊತ್ತಿಲ್ರಿ ಮೇಡಂ. ನೀವು ಹೇಳಿದ್ದನ್ನ ಹಂಗೇ ಬರದೀನ್ರಿ.”

ತಪ್ಪು ನನ್ನದೇ ಎಂದು ಆ ಕ್ಷಣಕ್ಕೆ ಎದೆಗೆ ನಾಟಿತು. ‘ಡಾಕ್ಟ್ರಿನ್ ಆಫ್ ಲ್ಯಾಪ್ಸ್’ ಎಂಬ ಆ ಹೆಸರನ್ನು ನಾನು ಇಂಗ್ಲಿಷಿನಲ್ಲಿ ಹೇಳಿ ಮುಂದೆ ಓಡಿದ್ದೆ. ಬಳಪ ಕೇಳಿ ‘ಬುಲ್ತಪ’ ಎಂದು ಬರೆದ ಕಲೆಕ್ಟರನಿಗೆ ಬಳಪವನ್ನು ಕಣ್ಣಾರೆ ನೋಡುವ ಅವಕಾಶವಿತ್ತು, ಹಾಗಾಗಿ ಅವನ ವಿವರಣೆ ಸರಿಯಾಗಿದೆ. ಈ ಹುಡುಗಿಗೆ ನಾನು ಅದನ್ನೂ ಕೊಟ್ಟಿರಲಿಲ್ಲ. ಅವಳನ್ನು ಕೂರಿಸಿಕೊಂಡು ಕಿತ್ತೂರಿನ ಮಾತು ತೆಗೆದೆ. 1824ರಲ್ಲಿ ಚೆನ್ನಮ್ಮನ ಮನೆತನ ದತ್ತು ತೆಗೆದುಕೊಂಡ ಮಗನನ್ನು ಕಂಪನಿಯವರು ಒಪ್ಪಲಿಲ್ಲ, ಕಲೆಕ್ಟರ್ ಥ್ಯಾಕರೆ ಕೋಟೆಗೆ ಬಂದು ಅಲ್ಲೇ ಸತ್ತ, ಇದೆಲ್ಲ ಅವಳಿಗೆ ಮೊದಲೇ ಗೊತ್ತಿತ್ತು. ಅದನ್ನೇ ಡಾಲ್‌ಹೌಸಿ 1848ರಿಂದ ಸತಾರಾದಲ್ಲಿ, ಝಾನ್ಸಿಯಲ್ಲಿ ಕಾಯಿದೆ ಮಾಡಿಕೊಂಡು ನಡೆಸಿದ ಎಂದೆ. ಅವಳು ನಾನು ಹೇಳದೆಯೇ ಪೆನ್ನು ತೆಗೆದು ಆ ಎರಡು ಗೆರೆಯ ಕೆಳಗೆ ಬರೆದುಕೊಂಡಳು: ‘ಹೆತ್ತ ಮಗ ಇಲ್ಲ ಅಂತ ನೆವ ಮಾಡಿ ರಾಜ್ಯ ಕಸಗೊಳ್ಳೋದು.’ ನಾನು ಓದಿದ ಯಾವ ಪಠ್ಯಪುಸ್ತಕದಲ್ಲೂ ಅದಕ್ಕಿಂತ ಚೆನ್ನಾದ ವಿವರಣೆ ಇಲ್ಲ.

ಬರೆಯುವುದು ಬೇರೆ, ಬರೆದುಕೊಳ್ಳುವುದು ಬೇರೆ. ಕನ್ನಡದ ‘ಕೊಳ್ಳು’ ಅನ್ನುವುದರಲ್ಲಿ ತನಗಾಗಿ ಎಂಬ ಅರ್ಥವಿದೆ: ಉಂಡುಕೊಳ್ಳುವುದು, ತಿಳಿದುಕೊಳ್ಳುವುದು, ಬರೆದುಕೊಳ್ಳುವುದು. ನಾನು ಕೆಲಸಕ್ಕೆ ಸೇರಿದಾಗ ಮಕ್ಕಳು “ಪಾಠ ಬರಕೊಂಡ್ವಿ” ಎನ್ನುತ್ತಿದ್ದರು. ನಿವೃತ್ತಳಾಗುವ ಹೊತ್ತಿಗೆ “ನೋಟ್ಸ್ ಯಾವಾಗ ಕೊಡ್ತೀರಿ ಮೇಡಂ?” ಎಂಬುದೇ ಮೊದಲ ದಿನದ ಪ್ರಶ್ನೆ. ಕೊಡುವವರು ನಾವು, ತೆಗೆದುಕೊಳ್ಳುವವರು ಅವರು. ನಡುವೆ ಕಾಲೇಜಿನ ಎದುರು ಝೆರಾಕ್ಸ್ ಅಂಗಡಿ ಬಂತು, ಕೈಯಿಂದ ಬರೆಯುವ ಕೆಲಸವೂ ತಪ್ಪಿತು. ಕೊನೆಯ ವರ್ಷಗಳಲ್ಲಿ ಕರಿಹಲಗೆಯ ಫೋಟೊ ಹೊಡೆದುಕೊಳ್ಳುತ್ತಿದ್ದರು. ಮಕ್ಕಳನ್ನು ನಾನು ದೂರುವುದಿಲ್ಲ. ಅರ್ಥವಾಗದ್ದನ್ನು ಕೈಯಿಂದ ಬರೆದರೂ ಅಷ್ಟೇ, ಫೋಟೊ ಹೊಡೆದರೂ ಅಷ್ಟೇ.

ಕುವೆಂಪು 1956ರಿಂದ 60ರವರೆಗೆ ಮೈಸೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಕಾಲೇಜಿನ ಪಾಠಕ್ಕೆ ಕನ್ನಡ ಮಾಧ್ಯಮವನ್ನು ತಂದರು, ಕನ್ನಡದಲ್ಲಿ ಪಠ್ಯಪುಸ್ತಕ ಬರೆಸಲು ಹೊರಟರು. ಅವರು ತೆರೆದ ಬಾಗಿಲಿನಿಂದಲೇ ನನ್ನಂಥ ಹಳ್ಳಿಯ ಹುಡುಗಿಯರು ಒಳಗೆ ಬಂದದ್ದು. ಆದರೆ ಕನ್ನಡದಲ್ಲಿ ಹೇಳಿ ಬರೆಸಿದರೂ ಅದು ಹೇಳಿ ಬರೆಸಿದ್ದೇ ಎಂಬುದನ್ನು ನಾವು ಮೇಷ್ಟ್ರುಗಳು ಬಹಳ ಕಾಲ ಯೋಚಿಸಲಿಲ್ಲ.

ಆ ಹುಡುಗಿಯ ವಹಿ ನೋಡಿದ ಮೇಲೆ ನಾನು ಒಂದು ಕೆಲಸ ಮಾಡಿದೆ. ಪಾಠ ಮುಗಿಯಲು ಹತ್ತು ನಿಮಿಷ ಇದೆ ಅನ್ನುವಾಗ ಎಲ್ಲರ ವಹಿ ಮುಚ್ಚಿಸುತ್ತಿದ್ದೆ. ಹಳೆಯ ಉತ್ತರಪತ್ರಿಕೆಗಳಲ್ಲಿ ಖಾಲಿ ಉಳಿದ ಹಾಳೆಗಳನ್ನು ಹರಿದು ಹಂಚಿ, ಇವತ್ತು ಕೇಳಿದ್ದನ್ನು ನಿಮ್ಮವ್ವನಿಗೆ ಹೇಳುವ ಹಾಗೆ ಬರೆಯಿರಿ, ತಪ್ಪಾದರೆ ಕಾಟು ಹಾಕಿ, ನಾನು ಇದಕ್ಕೆ ಅಂಕ ಕೊಡುವುದಿಲ್ಲ, ಕೆಂಪು ಪೆನ್ನೂ ಮುಟ್ಟಿಸುವುದಿಲ್ಲ ಎನ್ನುತ್ತಿದ್ದೆ. ಮೊದಲ ವಾರ ಯಾರೂ ನಾಲ್ಕು ಸಾಲು ದಾಟಲಿಲ್ಲ. ಪಕ್ಕದವರದು ನೋಡಿದರು, ನನ್ನ ಮುಖ ನೋಡಿದರು. ತಿಂಗಳ ಕೊನೆಗೆ ಹಾಳೆ ಸಾಲದೆ ಅಂಚಿನಲ್ಲಿ ಬರೆಯತೊಡಗಿದರು. ಸಿಲಬಸ್ ಮುಗಿಯುವುದಿಲ್ಲ ಎಂದು ಸಹೋದ್ಯೋಗಿಗಳು ಎಚ್ಚರಿಸಿದರು, ಅದು ನಿಜವೂ ಆಯಿತು. ಆ ವರ್ಷ ಎರಡು ಅಧ್ಯಾಯ ಉಳಿದೇ ಹೋದವು. ಉಳಿಯಲಿ ಎಂದು ಬಿಟ್ಟೆ. ಆ ಹಾಳೆಗಳ ಕಟ್ಟಿಗೆ ನಾನು ಮನಸ್ಸಿನಲ್ಲೇ ಕಡತ ಎಂದು ಹೆಸರಿಟ್ಟಿದ್ದೆ.

ಈಗ ಆ ಮಾತಿಗೆ ಸರ್ಕಾರಿ ಕಚೇರಿಯ ಫೈಲು ಎಂದಷ್ಟೇ ಅರ್ಥ ಉಳಿದಿದೆ. ಕಡತ ವಿಲೇವಾರಿ, ಕಡತ ಯಜ್ಞ ಎನ್ನುತ್ತೇವೆ. ಅದು ಮಕ್ಕಳು ಅಕ್ಷರ ತಿದ್ದುತ್ತಿದ್ದ ಕರಿಬಟ್ಟೆ ಎಂಬುದು ಎಷ್ಟು ಜನರಿಗೆ ನೆನಪಿದೆ?

ಅಜ್ಜ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಕಡತ ನನ್ನ ಪಾಲಿಗೆ ಕೇಳಿ ಪಡೆದೆ. ಮಳೆಗಾಲದ ತೇವಕ್ಕೆ ನಾಲ್ಕು ಮಡಿಕೆ ಅಂಟಿಕೊಂಡಿವೆ, ಉಳಿದವು ಚೆನ್ನಾಗಿವೆ. ಒಂದು ಮಡಿಕೆಯಲ್ಲಿ, ಸರಿಯಾಗಿ ಒರೆಸದೆ ಉಳಿದ ಒಂದು ಮಗ್ಗಿ ಮಸುಕಾಗಿ ಕಾಣುತ್ತದೆ. ಹದಿಮೂರರ ಮಗ್ಗಿ, ಏಳನೆಯ ಸಾಲಿನಲ್ಲಿ ತಪ್ಪಿದೆ. ಅಜ್ಜನದೋ ಅವನಪ್ಪನದೋ ತಿಳಿಯದು.

ನಮ್ಮಲ್ಲಿ ಹಸ್ತಪ್ರತಿ ಕಾಪಾಡುವ ಸಂಸ್ಥೆಗಳಿವೆ: ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ, ಕುವೆಂಪು ಕನ್ನಡ ಅಧ್ಯಯನ ಸಂಸ್ಥೆ, ಹಂಪಿಯ ಕನ್ನಡ ವಿಶ್ವವಿದ್ಯಾಲಯ. ಕವಿಗಳ ಓಲೆ, ಮಠಗಳ ಕಡತ, ಅರಸರ ನಿರೂಪ ಅಲ್ಲಿ ಸಿಗುತ್ತವೆ. ಓದುವ ಮಕ್ಕಳು ತಮಗಾಗಿ ಬರೆದುಕೊಂಡದ್ದು ಅಲ್ಲಿಗೆ ಹೋಗುವುದು ಅಪರೂಪ, ಏಕೆಂದರೆ ನಾವೇ ಅದನ್ನು ಪರೀಕ್ಷೆ ಮುಗಿದ ಮರುದಿನ ರದ್ದಿಗೆ ಹಾಕುತ್ತೇವೆ. ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಕಡತವೋ, ಅಜ್ಜಿಯ ವಹಿಯೋ, ನಿಮ್ಮದೇ ಕಾಲೇಜಿನ ರಫ್ ನೋಟುಬುಕ್ಕೋ ಇದ್ದರೆ ತೂಕಕ್ಕೆ ಹಾಕಬೇಡಿ. ಮೊದಲ ಪುಟದಲ್ಲಿ ಬರೆದವರ ಹೆಸರು, ಊರು, ಶಾಲೆ, ವರ್ಷ ಬರೆದಿಡಿ. ಒದ್ದೆ ಅರಿವೆಯಿಂದ ಮಾತ್ರ ಒರೆಸಬೇಡಿ.